ಕಣಗಿಲೆ ಇರಲಿ, ಜಾಗ ಬದಲಾಗಲಿ

ಕಣಗಿಲೆಯನ್ನು ಕಿತ್ತೊಗೆಯಬೇಕಿಲ್ಲ, ಆದರೆ ಎಲ್ಲಿ ನೆಡುತ್ತೇವೆ, ಸವರಿದ ಕೊಂಬೆಯನ್ನು ಎಲ್ಲಿ ಹಾಕುತ್ತೇವೆ ಎಂಬುದನ್ನು ಯೋಚಿಸಲೇಬೇಕು. ಕೆಂಪು, ಬಿಳಿ ಹೂವಿನದಾಗಲಿ, ಗಂಟೆಯಾಕಾರದ ಹಳದಿ ಹೂವಿನದಾಗಲಿ, ಈ ಗಿಡಗಳ ಬೇರಿನಿಂದ ಬೀಜದವರೆಗೂ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷವಿದೆ. ಹಳದಿ ಕಣಗಿಲೆಯ ಬೀಜವಂತೂ ಅತ್ಯಂತ ಅಪಾಯಕಾರಿ. ಶ್ರೀಲಂಕಾದ ಆಸ್ಪತ್ರೆಗಳು ದಶಕಗಳಿಂದ ಇದರ ಸಾವುನೋವನ್ನು ಕಂಡಿವೆ. ಪ್ರತಿವಿಷ ಇದೆಯಾದರೂ ದುಬಾರಿ, ಸುಲಭಕ್ಕೆ ಸಿಗುವುದಿಲ್ಲ. ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ 2024ರಲ್ಲಿ ನೈವೇದ್ಯ, ಪ್ರಸಾದಗಳಲ್ಲಿ ಕಣಗಿಲೆ ಹೂವಿನ ಬಳಕೆ ನಿಲ್ಲಿಸಿದ್ದು ಈ ವಿಷದ ಭಯಕ್ಕೇ.

ತಲೆತಲಾಂತರದಿಂದ ಶಿವಪೂಜೆಗೆ ಬೆಳೆಸಿದ್ದೇವೆ, ಏನೂ ಆಗಿಲ್ಲವಲ್ಲ ಎನ್ನುವವರಿದ್ದಾರೆ. ನಿಜ, ಹೂ ಕೊಯ್ದು ದೇವರಿಗೆ ಏರಿಸಿ ಕೈ ತೊಳೆದುಕೊಂಡರೆ ಹೆದರಬೇಕಿಲ್ಲ. ಕಹಿಯಾದ್ದರಿಂದ ದನ ಮುಟ್ಟುವುದಿಲ್ಲ ಎಂಬ ಮಾತೂ ಹಸಿ ಎಲೆಯ ಮಟ್ಟಿಗೆ ಬಹುಪಾಲು ಸರಿ. ಆದರೆ ಒಣಗಿದ ಎಲೆಯಲ್ಲೂ ವಿಷ ಉಳಿಯುತ್ತದೆ. ಮೇವಿನೊಡನೆ ಬೆರೆತರೆ ದನಕ್ಕೆ ಗೊತ್ತೇ ಆಗುವುದಿಲ್ಲ. ಕೊಂಬೆಯನ್ನು ಹಿತ್ತಲಲ್ಲಿ ಎಸೆಯುವುದೂ ಬೇಡ, ಒಲೆಗೆ ಹಾಕುವುದೂ ಬೇಡ, ಹೊಗೆಯೂ ಒಳ್ಳೆಯದಲ್ಲ. ಬರ, ದೂಳು ತಾಳುವ ಈ ಗಿಡ ಹೆದ್ದಾರಿಯ ನಡುವೆ ಸೊಗಸು. ಮಕ್ಕಳಾಡುವ ಅಂಗಳಕ್ಕೆ, ಶಾಲೆಯ ಬೇಲಿಗೆ, ಕೊಟ್ಟಿಗೆಯ ಪಕ್ಕಕ್ಕೆ ದಾಸವಾಳ ಸಾಕು. ಮಗು ಬೀಜ ಅಗಿದದ್ದು ಗೊತ್ತಾದರೆ ವಾಂತಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಯಾವ ಗಿಡವೆಂದು ವೈದ್ಯರಿಗೆ ತಿಳಿಯಲು ಒಂದು ಟೊಂಗೆಯೂ ಜೊತೆಗಿರಲಿ.