ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡ ಗಿನಿ ಪಿಗ್ ಯಾಕೆ ಮೂಲೆ ಬಿಟ್ಟು ಬರಲ್ಲ?

ಫ್ಲ್ಯಾಟ್‌ನಲ್ಲಿ ನಾಯಿ ಬೇಡ ಅಂತ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಗಿನಿ ಪಿಗ್ ತಂದುಕೊಡ್ತಾರೆ. ಆಮೇಲೆ ನನ್ನನ್ನು ಕೇಳೋ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಎರಡು ತಂದ್ವಿ, ಒಂದು ಇನ್ನೊಂದನ್ನ ಅಟ್ಟಾಡಿಸುತ್ತೆ. ಆ ಇನ್ನೊಂದು ನಮ್ಮ ಕೈಗೂ ಬರಲ್ಲ. ವಾಪಸ್ ಕೊಟ್ಟುಬಿಡೋಣವಾ?" ಕೊಡೋ ಮುಂಚೆ ಇದನ್ನು ಪೂರ್ತಿ ಕೇಳಿ.

ಗಿನಿ ಪಿಗ್ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕಡೆಯ ಪ್ರಾಣಿ, ಗುಂಪಿನಲ್ಲೇ ಬದುಕೋದು. ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತೆ, ಮೈತುಂಬ ಕೂದಲಿರುತ್ತೆ, ಹಲ್ಲೂ ಬಂದಿರುತ್ತೆ. ಅದನ್ನು ನೋಡಿ, ಇದಕ್ಕೆ ತಾಯಿ ಯಾಕೆ ಬೇಕು ಅನ್ಸುತ್ತೆ. ಆದರೆ ಬೇಕು. ಅಮೆರಿಕದಲ್ಲಿ ಮೈಕಲ್ ಹೆನೆಸಿ ಅವರ ತಂಡ ಮರಿಗಳನ್ನು ಸ್ವಲ್ಪ ಹೊತ್ತು ತಾಯಿಯಿಂದ ಬೇರೆ ಮಾಡಿ ಹೊಸ ಜಾಗದಲ್ಲಿ ಬಿಟ್ಟು ನೋಡಿತು. ಮೊದಲು ಮರಿ ಜೋರಾಗಿ ಕೂಗುತ್ತೆ. ಆಮೇಲೆ ಸುಮ್ಮನಾಗಿ, ಬೆನ್ನು ಗೂನು ಮಾಡಿ, ಕೂದಲು ನಿಮಿರಿಸಿ, ಕಣ್ಣು ಮುಚ್ಚಿ ಕೂರುತ್ತೆ. ಮತ್ತೊಮ್ಮೆ ಬೇರೆ ಮಾಡಿದರೆ ಈ ಮುದುರೋದು ಇನ್ನೂ ಹೆಚ್ಚಾಗುತ್ತೆ. ಅಂದ್ರೆ, ಅದರ ಮೈ ಭಯವನ್ನು ನೆನಪಿಟ್ಟುಕೊಳ್ಳುತ್ತೆ.

ಹಾಗಂತ ದೊಡ್ಡವು ಗದರಿಸೋದೆಲ್ಲ ಕಾಟ ಅಲ್ಲ. ಜರ್ಮನಿಯ ನಾರ್ಬರ್ಟ್ ಸಾಕ್ಸರ್ ಅವರ ಕೆಲಸ ಇಲ್ಲಿ ಮುಖ್ಯ. ದೊಡ್ಡ ಗುಂಪಿನಲ್ಲಿ ಬೆಳೆದ ಗಂಡು ಪ್ರಾಯಕ್ಕೆ ಬರೋ ಹೊತ್ತಿಗೆ ಹಿರಿಯ ಗಂಡುಗಳಿಂದ ಗದರಿಸಿಕೊಂಡು, ಎಲ್ಲಿ ಹಿಂದೆ ಸರಿಯಬೇಕು ಅನ್ನೋದನ್ನ ಕಲಿಯುತ್ತೆ. ಮುಂದೆ ಅಪರಿಚಿತ ಗಂಡು ಎದುರಾದರೂ ಜಗಳವಿಲ್ಲದೆ ಹೊಂದಿಕೊಳ್ಳುತ್ತೆ. ಒಂಟಿಯಾಗಿ ಬೆಳೆದದ್ದು ಕಾದಾಡುತ್ತೆ, ಅದರ ರಕ್ತದಲ್ಲಿ ಕಾರ್ಟಿಸಾಲ್ ಏರುತ್ತೆ.

ಹಾಗಾದರೆ ಪಾಠಕ್ಕೂ ಕಾಟಕ್ಕೂ ವ್ಯತ್ಯಾಸ ಏನು? ಓಡಿಹೋಗೋಕೆ ಜಾಗ ಇದೆಯಾ ಅನ್ನೋದು. ಗುಂಪಿನಲ್ಲಿ ಸೋತದ್ದು ದೂರ ಹೋದರೆ ಸಾಮಾನ್ಯವಾಗಿ ಗೆದ್ದದ್ದು ಬಿಟ್ಟುಬಿಡುತ್ತೆ. ಇಕ್ಕಟ್ಟಾದ ಪಂಜರದಲ್ಲಿ ದೂರ ಅನ್ನೋದೇ ಇಲ್ವಲ್ಲ!

ನಮ್ಮನೆಯ ಎರಡರಲ್ಲಿ ಚಿಕ್ಕದು ಅಂಥ ಪಂಜರದಿಂದಲೇ ಬಂದದ್ದು, ಕಿವಿ ಹರಿದಿತ್ತು. ಮೊದಲ ವಾರಗಳಲ್ಲಿ ದೀಪ ಆರಿಸಿದ ಮೇಲೆ ಮಾತ್ರ ತಿನ್ನೋದು. ಜೊತೆಗಾರ ಹತ್ತಿರ ಬಂದರೆ ಕಲ್ಲಿನ ಹಾಗೆ ನಿಂತುಬಿಡೋದು. ಕೈ ಚಾಚಿದರೆ ಹಲ್ಲು ಕಟಕಟ. ಅದು ಸೊಕ್ಕಲ್ಲ ರೀ, ಭಯ.

ಏನು ಮಾಡಬಹುದು? ಜಾಗ ದೊಡ್ಡದು ಮಾಡಿ. ಅಡಗೋ ಡಬ್ಬಕ್ಕೆ ಎರಡು ಬಾಗಿಲು ಇರಲಿ, ಒಂದೇ ಬಾಗಿಲಿದ್ದರೆ ಅದೇ ಬೋನು. ಹುಲ್ಲು, ನೀರು ಎರಡೆರಡು ಕಡೆ ಇಡಿ. ಹೊಸದನ್ನು ಹಳೆಯದರ ಪಂಜರಕ್ಕೆ ನೇರ ಹಾಕಬೇಡಿ, ಇಬ್ಬರದೂ ಅಲ್ಲದ ಜಾಗದಲ್ಲಿ ಭೇಟಿ ಮಾಡಿಸಿ. ಗುರುಗುಟ್ಟೋದು, ಸೊಂಟ ಆಡಿಸೋದು, ಸ್ವಲ್ಪ ಅಟ್ಟಿಸೋದು ಮಾಮೂಲು. ರಕ್ತ ಬಂದರೆ ಮಾತ್ರ ತಕ್ಷಣ ಬೇರೆ ಮಾಡಿ. ಆಗಲೂ ಜಾಲರಿಯಾಚೆ ಒಂದಕ್ಕೊಂದು ಕಾಣೋ ಹಾಗಿರಲಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಕ ನೋಡಿ. ತೂಕ ಇಳೀತಿದ್ರೆ ಊಟ ಸಿಗ್ತಿಲ್ಲದೇ ಇರಬಹುದು. ಅರ್ಧ ದಿನ ಏನೂ ತಿನ್ನದಿದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

"ಒಂಟಿಯಾಗಿಟ್ಟರೆ ನೆಮ್ಮದಿ ಅಲ್ವಾ?" ಅಂತೀರಿ. ಅಲ್ಲ. ಸಾಕ್ಸರ್ ತಂಡ ತೋರಿಸಿದ್ದೇನಂದ್ರೆ, ಹೊಸ ಜಾಗದಲ್ಲಿ ಒಂಟಿ ಗಂಡಿಗೆ ಏರೋ ಕಾರ್ಟಿಸಾಲ್, ನಂಟು ಬೆಳೆದ ಹೆಣ್ಣು ಪಕ್ಕದಲ್ಲಿದ್ದರೆ ಬಹಳ ಕಡಿಮೆ ಏರುತ್ತೆ. ಗುರುತಿಲ್ಲದ ಹೆಣ್ಣಿದ್ದರೆ ಆ ಪ್ರಯೋಜನ ಇಲ್ಲ. ಭಯ ಇಳಿಸೋದು ನಂಟು, ಬರೀ ಜೊತೆಯಲ್ಲ. ಗಿನಿ ಪಿಗ್ ಒಂಟಿಯಾಗಿ ಸಾಕೋದಕ್ಕೆ ಸ್ವಿಟ್ಜರ್ಲೆಂಡ್‌ನಲ್ಲಿ ಕಾನೂನೇ ಅಡ್ಡ ಬರುತ್ತೆ.

ವಾಪಸ್ ಕೊಟ್ಟ ಮರಿ ಮತ್ತೆ ಅಂಥದ್ದೇ ಪಂಜರಕ್ಕೆ ಹೋಗುತ್ತೆ. ಮಕ್ಕಳಿಗೆ ಹೇಳಿ, ಎತ್ಕೋಬೇಡ, ದಿನಾ ಅದೇ ಹೊತ್ತಿಗೆ ಒಂದೆಳೆ ಕೊತ್ತಂಬರಿ ಹಿಡ್ಕೊಂಡು ನೆಲದ ಮೇಲೆ ಸುಮ್ನೆ ಕೂತ್ಕೋ ಅಂತ. ನಮ್ಮದಕ್ಕೆ ಕೈಯಿಂದ ತಿನ್ನೋಕೆ ನಾಲ್ಕು ತಿಂಗಳು ಬೇಕಾಯ್ತು. ನಿಮ್ಮದಕ್ಕೂ ಅಷ್ಟು ಸಮಯ ಕೊಟ್ಟು ನೋಡಿ.