ದೇಸಾಯಿ ಎಂಬ ಅಡ್ಡಹೆಸರು

ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ದೇಸಾಯಿ ಎಂಬ ಅಡ್ಡಹೆಸರು ಲಿಂಗಾಯತ, ಬ್ರಾಹ್ಮಣ, ಜೈನ ಮನೆತನಗಳಲ್ಲಿಯೂ ದೊರೆಯುತ್ತದೆ. ಹಳೆಯ ಕಾಗದಪತ್ರಗಳಲ್ಲಿ ಈ ಹೆಸರನ್ನು ಕಂಡೊಡನೆ ಒಂದು ಜಾತಿಯನ್ನಾಗಲಿ ಒಂದೇ ವಂಶವನ್ನಾಗಲಿ ಊಹಿಸುವುದುಂಟು, ಅದು ಯುಕ್ತವಲ್ಲ. ಇದು ಮೂಲತಃ ಅಧಿಕಾರವಾಚಕವೇ ಹೊರತು ಕುಲವಾಚಕವಲ್ಲ. ಪರಗಣೆಯ ಮುಖ್ಯಸ್ಥನಾಗಿ ಕಂದಾಯದ ವಸೂಲಿಗೆ ಹೊಣೆಯಾದವನು ದೇಸಾಯಿ. ಅದರ ಲೆಕ್ಕಪತ್ರಗಳನ್ನಿಡುವವನು ದೇಶಪಾಂಡೆ. ಕನ್ನಡದ ನಾಡಗೌಡ, ನಾಡಿಗ ಎಂಬ ಹೆಸರುಗಳು ಇದೇ ಜೋಡಿಗೆ ಸಲ್ಲುವಂಥವು. ಅಧಿಕಾರವು ವತನವಾಗಿ ತಂದೆಯಿಂದ ಮಗನಿಗೆ ಇಳಿದು ಬಂದುದರಿಂದಲೂ, ದಾಯಾದಿಗಳು ಅದರಲ್ಲಿ ಪಾಲು ಪಡೆಯುತ್ತಿದ್ದುದರಿಂದಲೂ, ಕೆಲಸ ನಡೆಸುವವನು ಒಬ್ಬನಾದರೆ ಹೆಸರು ಹೊತ್ತವರು ಹಲವರಾದರು.

ಫ್ರಾನ್ಸಿನ ಕುಲೀನರ ಹೆಸರುಗಳೊಡನೆ ಹೋಲಿಸಿದಾಗ ಭೇದವು ಸ್ಪಷ್ಟವಾಗುತ್ತದೆ. 1756ರಲ್ಲಿ ಪೇಶವೆ ಮತ್ತು ನಿಜಾಮರ ಸೈನ್ಯಗಳೊಡನೆ ಸವಣೂರಿಗೆ ಮುತ್ತಿಗೆ ಹಾಕಿದ ಬುಸ್ಸಿಯ ಮನೆತನದ ಹೆಸರು ಪತಿಸ್ಸಿಯೆ; ‘ದ ಬುಸ್ಸಿ’ ಎಂಬುದು ಭೂಮಿಯಿಂದ ಬಂದುದು. ಜನರು ನೆನಪಿಟ್ಟುದು ಈ ಎರಡನೆಯದನ್ನೇ. ಪುದುಚೇರಿಯ ಒಂದು ಬೀದಿಗೂ ಅದು ಸಂದಿತು. 1790ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ರಾಷ್ಟ್ರಸಭೆಯು ವಂಶಪಾರಂಪರ್ಯದ ಕುಲೀನಪದವಿಯನ್ನು ರದ್ದುಗೊಳಿಸಿ, ಪ್ರತಿಯೊಬ್ಬನೂ ಮನೆತನದ ನಿಜನಾಮವನ್ನೇ ಬಳಸತಕ್ಕದ್ದೆಂದು ವಿಧಿಸಿತು. ಆದರೂ ಭೂನಾಮಗಳು ಅಳಿಯಲಿಲ್ಲ.

ಇಲ್ಲಿ ಹೆಸರಿನ ಮೇಲೆ ಅಂಥ ಕಟ್ಟಳೆಯೇ ಬರಲಿಲ್ಲ. ಮುಂಬಯಿ ಸರಕಾರದ 1950ರ ಕಾಯಿದೆಯು ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ತೆಗೆದುಹಾಕಿತು, ಹೆಸರುಗಳನ್ನು ಮುಟ್ಟಲಿಲ್ಲ. ಹುಬ್ಬಳ್ಳಿಯ ದೇಸಾಯಿ ಕ್ರಾಸ್, ದೇಶಪಾಂಡೆ ನಗರಗಳಲ್ಲಿ ಓಡಾಡುವವರಲ್ಲಿ ಎಷ್ಟು ಜನರಿಗೆ ಪರಗಣೆಯ ನೆನಪು ಬಂದೀತು?

ಊರಿನ ಹೆಸರು ಕೂಡಿಕೊಂಡಲ್ಲಿ ಮಾತ್ರ ಅರ್ಥವು ಖಚಿತವಾಗುತ್ತದೆ. ‘ಕಿತ್ತೂರ ದೇಸಾಯರು’ ಎಂದರೆ ಸಂಸ್ಥಾನವೇ ಸರಿ. ಅಲ್ಲಿಯ ದತ್ತಕವನ್ನು ಕಂಪನಿ ಸರಕಾರವು ಒಪ್ಪದೆ 1824ರಲ್ಲಿ ಯುದ್ಧವೊದಗಿ, ಧಾರವಾಡದ ಕಲೆಕ್ಟರ ಥ್ಯಾಕರೆಯು ಹತನಾದನು. ಕೊನೆಗೆ ದೇಸಗತಿಯೂ ಹೋಯಿತು. ಸಂತಾನವಿಲ್ಲದ ದೇಸಗತಿಗೆ ದತ್ತಕವು ಕೇವಲ ಮನೆಯೊಳಗಿನ ಶಾಸ್ತ್ರವಾಗಿರಲಿಲ್ಲವೆಂಬುದನ್ನು ಅಧ್ಯಾಪಕರು ಕಿತ್ತೂರಿನ ಲಾವಣಿಗಳನ್ನು ಪಾಠಹೇಳುವಾಗ ಮರೆಯಬಾರದು.

ಸಿರಸಂಗಿಯ ಕತೆ ಬೇರೆ. ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿ ಸಿರಸಂಗಿಗೆ ದತ್ತಕ ಹೋದ ಲಿಂಗರಾಜ ದೇಸಾಯರು 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅಧ್ಯಕ್ಷರಾದರು. ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾಭ್ಯಾಸಕ್ಕೆ ಬಿಟ್ಟು 1906ರಲ್ಲಿ ತೀರಿಕೊಂಡರು. 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜು ಅವರ ಹೆಸರನ್ನು ತಾಳಿತು. ಆದರೆ ಅದು ಉಳಿಸಿಕೊಂಡುದು ‘ಲಿಂಗರಾಜ’ ಎಂಬ ವ್ಯಕ್ತಿನಾಮವನ್ನು, ‘ದೇಸಾಯಿ’ ಎಂಬುದನ್ನಲ್ಲ.