ಕಿವಿಗೂ ಇರಲಿ ಒಂದು ಪಥ್ಯ

ಬೆಂಗಳೂರಿನ ಯಾವುದೇ ಬಡಾವಣೆಯ ಉದ್ಯಾನಕ್ಕೆ ಬೆಳಗಿನ ಆರು ಗಂಟೆಗೆ ಹೋದರೂ ಎರಡು ಬಗೆಯ ನಡಿಗೆದಾರರು ಕಾಣಸಿಗುತ್ತಾರೆ. ರಾಜಕಾರಣ, ಮಕ್ಕಳ ಮದುವೆ, ಸಕ್ಕರೆ ಕಾಯಿಲೆಗಳ ಬಗ್ಗೆ ಮಾತನಾಡುತ್ತಾ ಸುತ್ತು ಹಾಕುವವರು ಒಂದು ಬಗೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾರ ಮುಖವನ್ನೂ ನೋಡದೆ, ತಮಗೆ ಮಾತ್ರ ಕೇಳಿಸುವ ಹಾಡಿನ ಜೊತೆ ಹೆಜ್ಜೆ ಹಾಕುವವರು ಇನ್ನೊಂದು ಬಗೆ. ಒಂದು ಕಾಲಕ್ಕೆ ಹಿರಿಯರ ಕೈಯಲ್ಲಿ ಪುಟ್ಟ ಟ್ರಾನ್ಸಿಸ್ಟರ್ ಇರುತ್ತಿತ್ತು, ಅನಂತರ ವಾಕ್‌ಮನ್ ಬಂತು, ಈಗ ಮೊಬೈಲು. ಸಾಧನಗಳು ಬದಲಾದರೂ ಹಾಡು ಕೇಳುತ್ತಾ ದೇಹ ದಂಡಿಸುವ ಆಸೆ ಬದಲಾಗಿಲ್ಲ. ಈ ಆಸೆಯಲ್ಲಿ ಹುರುಳಿದೆಯೇ? ಇದ್ದರೆ ಎಷ್ಟು? ಅದರ ಮಿತಿ ಯಾವುದು? ಆರೋಗ್ಯದ ಹೆಸರಿನಲ್ಲಿ ಎಲ್ಲವೂ ಮಾರಾಟವಾಗುವ ದಿನಗಳಲ್ಲಿ ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

ದುಡಿಮೆಗೂ ಹಾಡಿಗೂ ಇರುವ ನಂಟು ನಮಗೆ ಹೊಸದಲ್ಲ. ನಸುಕಿನಲ್ಲೆದ್ದು ರಾಗಿ, ಜೋಳ ಬೀಸುತ್ತಿದ್ದ ಹೆಣ್ಣುಮಕ್ಕಳು ತ್ರಿಪದಿಗಳನ್ನು ಹಾಡುತ್ತಿದ್ದುದು ಕೇವಲ ಮನರಂಜನೆಗಲ್ಲ. ಬೀಸುಕಲ್ಲಿನ ಸುತ್ತಿಗೂ ಹಾಡಿನ ನಡೆಗೂ ಹೊಂದಾಣಿಕೆ ಇರುತ್ತಿತ್ತು. ತೋಳಿನ ನೋವನ್ನು ಹಾಡು ಹಂಚಿಕೊಳ್ಳುತ್ತಿತ್ತು. ನಾಟಿಯ ಗದ್ದೆಯಲ್ಲಿ, ಭಾರ ಎಳೆಯುವ ಜಾಗದಲ್ಲಿ, ಒನಕೆ ಹಾಕುವ ಅಂಗಳದಲ್ಲಿ ಇದೇ ಕ್ರಮ. ಭಾರವಾದ ಡೊಳ್ಳನ್ನು ಕೊರಳಿಗೆ ಹಾಕಿಕೊಂಡು ಕುಣಿಯುವ ಕಲಾವಿದನ ಶ್ರಮ ಯಾವ ಜಿಮ್ಮಿನ ಕಸರತ್ತಿಗೂ ಕಡಿಮೆಯಲ್ಲ. ಆ ಶ್ರಮ ಅವನಿಗೆ ಸಾಧ್ಯವಾಗುವುದು ಲಯದ ಆಸರೆಯಿಂದ. ಜರ್ಮನಿಯ ಅರ್ಥಶಾಸ್ತ್ರಜ್ಞ ಕಾರ್ಲ್ ಬ್ಯೂಶರ್ 1896ರಲ್ಲಿಯೇ ದುಡಿಮೆ ಮತ್ತು ಲಯದ ಸಂಬಂಧವನ್ನು ಕುರಿತು ಗ್ರಂಥವೊಂದನ್ನು ಬರೆದ.

ಕ್ರೀಡಾಲೋಕ ಈ ಸಂಗತಿಯನ್ನು ಅಳೆದು ನೋಡಿದ ಮೊದಲ ಉದಾಹರಣೆಗಳಲ್ಲಿ ಒಂದು 1911ರದು. ನ್ಯೂಯಾರ್ಕಿನ ಆರು ದಿನಗಳ ಸೈಕಲ್ ಪಂದ್ಯವನ್ನು ಗಮನಿಸುತ್ತಿದ್ದ ಲಿಯೊನಾರ್ಡ್ ಏರ್ಸ್ ಎಂಬ ಸಂಖ್ಯಾಶಾಸ್ತ್ರಜ್ಞನಿಗೆ, ಬ್ಯಾಂಡ್ ನುಡಿಯುವಾಗ ಸವಾರರು ಗಂಟೆಗೆ ಸರಾಸರಿ 19.6 ಮೈಲಿ ವೇಗದಲ್ಲಿಯೂ ಬ್ಯಾಂಡ್ ನಿಂತಾಗ 17.9 ಮೈಲಿ ವೇಗದಲ್ಲಿಯೂ ಸಾಗುತ್ತಿದ್ದುದು ಕಂಡಿತು. ಇಥಿಯೋಪಿಯಾದ ಓಟಗಾರ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಳಾಂಗಣ 2000 ಮೀಟರ್ ಓಟದ ವಿಶ್ವ ದಾಖಲೆ ಮಾಡಿದಾಗ ಕ್ರೀಡಾಂಗಣದಲ್ಲಿ ಅವರ ಮೆಚ್ಚಿನ ಪಾಪ್ ಗೀತೆ ಮೊಳಗುತ್ತಿತ್ತು. 2007ರಲ್ಲಿ ಅಮೆರಿಕದ ಅಥ್ಲೆಟಿಕ್ ಸಂಸ್ಥೆ ಓಟದ ಸ್ಪರ್ಧೆಗಳಲ್ಲಿ ಹೆಡ್‌ಫೋನ್ ನಿಷೇಧಿಸಿತು. ಓಟಗಾರರ ಸುರಕ್ಷತೆಯ ಜೊತೆಗೆ, ಸಂಗೀತದಿಂದ ಕೆಲವರಿಗೆ ಅನುಚಿತ ಅನುಕೂಲ ಸಿಗಬಾರದೆಂಬುದೂ ಅದರ ಹಿಂದಿನ ಕಾಳಜಿಯಾಗಿತ್ತು. ಮರುವರ್ಷ ಸಾಮಾನ್ಯ ಓಟಗಾರರ ಮಟ್ಟಿಗೆ ಆ ನಿಯಮ ಸಡಿಲವಾಯಿತು.

ಸಂಗೀತ ಕೆಲಸ ಮಾಡುವ ಬಗೆಯನ್ನು ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ತಾಸ್ ಕರಗೋರ್ಗಿಸ್ ಮತ್ತು ಸಂಗಡಿಗರು ದಶಕಗಳಿಂದ ಅಭ್ಯಸಿಸುತ್ತಿದ್ದಾರೆ. ನಮ್ಮ ಗಮನಕ್ಕೆ ಮಿತಿಯಿದೆ. ಅದರ ಒಂದು ಭಾಗವನ್ನು ಹಾಡು ಆಕ್ರಮಿಸಿಕೊಂಡಾಗ ಕಾಲಿನ ದಣಿವು, ಏದುಸಿರು ಅಷ್ಟರಮಟ್ಟಿಗೆ ಹಿಂದೆ ಸರಿಯುತ್ತವೆ. ಜೊತೆಗೆ, ಹೆಜ್ಜೆ ತಾಳಕ್ಕೆ ಕೂಡಿಕೊಂಡಾಗ ಚಲನೆ ಹದವಾಗಿ ಶಕ್ತಿಯ ಪೋಲು ತಗ್ಗುತ್ತದೆ. ಆದರೆ ಈ ಸಹಾಯ ಸಾಧಾರಣ ಶ್ರಮದ ತನಕ ಮಾತ್ರ. ಶಕ್ತಿಯ ಕೊನೆಯಂಚು ತಲುಪಿದಾಗ ದೇಹದ ಕೂಗು ಹಾಡಿಗಿಂತ ಜೋರಾಗುತ್ತದೆ. ಅಂದರೆ ದಾಖಲೆ ಮುರಿಯುವವರಿಗಿಂತ ನಮ್ಮಂಥ ಸಾಮಾನ್ಯರಿಗೇ ಇದರ ಉಪಯೋಗ ಹೆಚ್ಚು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಪ್ರಮಾಣದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮಿಷಕ್ಕೆ ಸುಮಾರು ನೂರು ಹೆಜ್ಜೆಯ ನಡಿಗೆ ಈ ವರ್ಗಕ್ಕೆ ಸೇರುತ್ತದೆ. ಅಷ್ಟು ನಡೆಯಲು ಬೇಸರ ಬಾರದಂತೆ ಹಾಡೊಂದು ನೋಡಿಕೊಳ್ಳುವುದಾದರೆ ಅದೇನು ಸಣ್ಣ ಉಪಕಾರವಲ್ಲ.

ಲಯದ ಶಕ್ತಿಯನ್ನು ನಾನು ಹತ್ತಿರದಿಂದ ಕಂಡದ್ದು ಉದ್ಯಾನದಲ್ಲಲ್ಲ, ಮನೆಯೊಳಗೆ. ನನ್ನ ತಂದೆಯವರಿಗೆ ಪಾರ್ಕಿನ್ಸನ್ ಕಾಯಿಲೆ ಇತ್ತು. ಬಾಗಿಲ ಬಳಿ ಬಂದೊಡನೆ ಪಾದಗಳು ನೆಲಕ್ಕೆ ಅಂಟಿಕೊಂಡಂತಾಗಿ ನಿಂತುಬಿಡುತ್ತಿದ್ದರು. ಎಳೆದರೆ ಬೀಳುವ ಭಯ, ಬಿಟ್ಟರೆ ನಿಂತೇ ಇರುವ ಸಂಕಟ. ಎಣಿಕೆ ಹೇಳುತ್ತಾ ನಡೆಸಿ ಎಂದು ಫಿಸಿಯೋಥೆರಪಿಸ್ಟ್ ಒಬ್ಬರು ಸಲಹೆ ಕೊಟ್ಟರು. ಯೌವನದಲ್ಲಿ ಭಜನೆಯ ಗೋಷ್ಠಿಗಳಲ್ಲಿ ತಾಳ ಹಾಕುತ್ತಿದ್ದ ಅವರಿಗೆ ಒಂದು, ಎರಡು ಎಂಬ ಎಣಿಕೆಗಿಂತ ಆದಿತಾಳವೇ ಹೆಚ್ಚು ಒಗ್ಗಿತು. ಅಮ್ಮ ಪಕ್ಕದಲ್ಲಿ ನಿಂತು ಎಂಟು ಅಕ್ಷರದ ಆವರ್ತವನ್ನು ನಿಧಾನವಾಗಿ ಚಪ್ಪಾಳೆಯಲ್ಲಿ ತೋರಿಸುವರು. ಎರಡನೆಯದೋ ಮೂರನೆಯದೋ ಆವರ್ತಕ್ಕೆ ಅಪ್ಪನ ಪಾದ ಮೇಲೇಳುವುದು. ಕಾಯಿಲೆ ತನ್ನ ದಾರಿಯಲ್ಲಿ ತಾನು ಮುಂದುವರಿಯಿತು. ಆದರೆ ಊಟದ ಮನೆಯವರೆಗೆ ತಮ್ಮ ಕಾಲ ಮೇಲೆ ತಾವೇ ನಡೆದು ಹೋಗುವ ಘನತೆ ಅವರಿಗೆ ಇನ್ನಷ್ಟು ಕಾಲ ಉಳಿಯಿತು.

ಇದು ನಮ್ಮ ಮನೆಯ ಪವಾಡವೇನಲ್ಲ. ಚಲನೆಯ ಕಾಲವನ್ನು ನಿರ್ಣಯಿಸುವ ಮೆದುಳಿನ ವ್ಯವಸ್ಥೆ ಈ ಕಾಯಿಲೆಯಲ್ಲಿ ದುರ್ಬಲವಾಗುತ್ತದೆ. ಹೊರಗಿನ ತಾಳ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಅಮೆರಿಕದ ಮೈಕೆಲ್ ಥೌಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತಾಳಬದ್ಧ ಶ್ರವಣದಿಂದ ಇಂತಹ ರೋಗಿಗಳ ನಡಿಗೆಯ ವೇಗ, ಹೆಜ್ಜೆಯ ಉದ್ದ ಸುಧಾರಿಸುವುದನ್ನು ತೋರಿಸಿದರು. ಬೀಳುವ ಅಪಾಯವಿರುವವರು ತಜ್ಞರ ಮಾರ್ಗದರ್ಶನದಲ್ಲಿಯೇ ಇದನ್ನು ರೂಢಿಸಿಕೊಳ್ಳಬೇಕೆಂಬುದನ್ನು ಹೇಳಬೇಕಾಗಿಲ್ಲ.

ಶ್ರಮಕ್ಕೆ ಲಯ ಬೇಕಾದಂತೆ ವಿಶ್ರಾಂತಿಗೂ ಲಯ ಬೇಕು. ಇಟಲಿಯ ಲುಚಿಯಾನೊ ಬರ್ನಾರ್ಡಿ ಎಂಬ ವೈದ್ಯ ವಿಜ್ಞಾನಿಯ ತಂಡ 2001ರಲ್ಲಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ ಮತ್ತು ಬೌದ್ಧ ಮಂತ್ರಗಳ ಪಠಣ ಎರಡೂ ಉಸಿರಾಟವನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸುತ್ತವೆಂದು ವರದಿ ಮಾಡಿತು. ಅದೇ ತಂಡ 2006ರಲ್ಲಿ ಬಗೆಬಗೆಯ ಸಂಗೀತವನ್ನು ಕೇಳಿಸಿ ಹೃದಯದ ಬಡಿತ, ರಕ್ತದೊತ್ತಡ, ಉಸಿರಾಟಗಳನ್ನು ಅಳೆಯಿತು. ಅವುಗಳಲ್ಲಿ ಭಾರತೀಯ ರಾಗವೂ ಇತ್ತು. ದ್ರುತಗತಿಯ ಸಂಗೀತ ಇವನ್ನು ಏರಿಸಿತು. ಆದರೆ ನಿಜವಾದ ಅಚ್ಚರಿ ಬೇರೆಡೆ ಇತ್ತು. ಸಂಗೀತದ ನಡುವೆ ಇಟ್ಟಿದ್ದ ಎರಡು ನಿಮಿಷದ ಮೌನದಲ್ಲಿ ಕೇಳುಗರ ದೇಹ, ಸಂಗೀತ ಆರಂಭವಾಗುವುದಕ್ಕೆ ಮೊದಲಿದ್ದುದಕ್ಕಿಂತಲೂ ಹೆಚ್ಚು ವಿಶ್ರಾಂತ ಸ್ಥಿತಿಗೆ ಇಳಿದಿತ್ತು. ಸಂಗೀತದ ಫಲ ಮೌನದಲ್ಲಿ ಹಣ್ಣಾಗುತ್ತದೆ ಎನ್ನಬಹುದೇನೋ. ಆಲಾಪನೆಯ ನಡುವೆ ಗಾಯಕರು ಬಿಡುವ ಒಂದು ಕ್ಷಣದ ಅರ್ಥ ಬಲ್ಲ ರಸಿಕರಿಗೆ ಇದು ಹೊಸ ಮಾತಾಗಲಾರದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ರಾಗ ಸಕ್ಕರೆ ಕಾಯಿಲೆಗೆ, ಆ ರಾಗ ರಕ್ತದೊತ್ತಡಕ್ಕೆ ಎಂಬ ಪಟ್ಟಿಗಳು ಆಗಾಗ ಕೈಯಿಂದ ಕೈಗೆ ಸಾಗುತ್ತಿರುತ್ತವೆ. ಅಂತಹ ಖಚಿತ ಲೆಕ್ಕಾಚಾರಕ್ಕೆ ವೈಜ್ಞಾನಿಕ ಆಧಾರವಿಲ್ಲ. 1993ರಲ್ಲಿ ಕೆಲವು ಕಾಲೇಜು ವಿದ್ಯಾರ್ಥಿಗಳು ಮೊಟ್ಸಾರ್ಟ್ ಸಂಗೀತ ಕೇಳಿದ ಮೇಲೆ ಒಂದು ಬಗೆಯ ಪರೀಕ್ಷೆಯಲ್ಲಿ ಹತ್ತು ಹದಿನೈದು ನಿಮಿಷಗಳ ಮಟ್ಟಿಗೆ ಚೆನ್ನಾಗಿ ಮಾಡಿದರೆಂಬ ವರದಿ ಪ್ರಕಟವಾಯಿತು. ಅದು ಬೆಳೆಯುತ್ತಾ ಹೋಗಿ, 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಪ್ರತಿ ನವಜಾತ ಶಿಶುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣ ಕೊಡುವ ಪ್ರಸ್ತಾಪ ಮಂಡಿಸುವ ತನಕ ಹೋಯಿತು. ಮೂಲ ಪ್ರಯೋಗಕ್ಕೂ ಶಿಶುಗಳಿಗೂ ಸಂಬಂಧವೇ ಇರಲಿಲ್ಲ. ರಾಗ ಕೇಳುತ್ತೇವೆಂದು ಮಾತ್ರೆ ಬಿಡುವವರು ಸಂಗೀತಕ್ಕೂ ಅನ್ಯಾಯ ಮಾಡುತ್ತಾರೆ, ತಮಗೂ ಅಪಾಯ ತಂದುಕೊಳ್ಳುತ್ತಾರೆ. ಸಂಗೀತ ಔಷಧಿಯ ಜೊತೆಗಾರನೇ ಹೊರತು ಅದರ ಬದಲಿಯಲ್ಲ.

ಇನ್ನೊಂದು ಅಪಾಯ ಕಿವಿಯದೇ. ಅತಿಯಾದ ಧ್ವನಿಯಲ್ಲಿ ಹಾಡು ಕೇಳುವ ಅಭ್ಯಾಸದಿಂದ ಜಗತ್ತಿನ ನೂರು ಕೋಟಿಗೂ ಹೆಚ್ಚು ಯುವಜನರ ಶ್ರವಣಶಕ್ತಿ ಅಪಾಯದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಅದರ ಮಾನದಂಡದಂತೆ 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ನಾಲ್ಕೇ ಗಂಟೆ. 100 ಆದರೆ ಇಡೀ ವಾರಕ್ಕೆ ಅರ್ಧ ಗಂಟೆಗೂ ಕಡಿಮೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹೃದಯವನ್ನು ಉಳಿಸಿಕೊಳ್ಳಲು ಜಿಮ್ಮಿಗೆ ಹೋಗಿ ಕಿವಿಯನ್ನು ಕಳೆದುಕೊಂಡು ಬರುವುದು ಯಾವ ಲೆಕ್ಕದ ಆರೋಗ್ಯ?

ಇಲ್ಲಿ ನಾವು ಮತ್ತೊಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಇಯರ್‌ಫೋನಿನ ಧ್ವನಿ ಏರಿಸುವವರೆಲ್ಲ ಸಂಗೀತದ ಮೋಹದಿಂದಲೇ ಏರಿಸುತ್ತಾರೆಯೇ? ಅನೇಕರು ಏರಿಸುವುದು ಹಾರ್ನ್, ಜನರೇಟರ್, ಧ್ವನಿವರ್ಧಕಗಳ ಗದ್ದಲವನ್ನು ಮುಚ್ಚಲು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ ಈ ಮಿತಿ ಇನ್ನೂ ಕಡಿಮೆ. ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಈ ಕುರಿತು ವಿವರವಾದ ತೀರ್ಪನ್ನೇ ಕೊಟ್ಟಿದೆ. ನಿಯಮಗಳು ಪುಸ್ತಕದಲ್ಲಿವೆ, ರಸ್ತೆಯಲ್ಲಿರುವುದು ಹಾರ್ನ್ ಮಾತ್ರ. ಗದ್ದಲದಿಂದ ತಪ್ಪಿಸಿಕೊಳ್ಳಲು ಇನ್ನಷ್ಟು ಗದ್ದಲವನ್ನು ಕಿವಿಯೊಳಗೆ ಸುರಿದುಕೊಳ್ಳುವ ಸ್ಥಿತಿಗೆ ನಗರವಾಸಿ ಬಂದಿದ್ದಾನೆ. ಮೌನವೂ ನೀರು, ಗಾಳಿಗಳಂತೆ ಸಾರ್ವಜನಿಕ ಸೊತ್ತು ಎಂಬ ಅರಿವು ನಮ್ಮ ಪಾಲಿಕೆಗಳಿಗಾಗಲಿ ನಮಗಾಗಲಿ ಬಂದಂತಿಲ್ಲ.

ನಾವು ಮಾಡಬಹುದಾದ ಕೆಲಸಗಳು ದುಬಾರಿಯವಲ್ಲ. ನಡಿಗೆಗೆ ಹೆಜ್ಜೆಗೊಪ್ಪುವ ಹಾಡನ್ನು ಆರಿಸಿಕೊಳ್ಳೋಣ. ಪಕ್ಕದವರ ಮಾತು ಕೇಳಿಸುವಷ್ಟು ಮಾತ್ರ ಧ್ವನಿ ಇಟ್ಟುಕೊಳ್ಳೋಣ. ವಾಹನಗಳಿರುವ ರಸ್ತೆಯಲ್ಲಿ ಕಿವಿಯನ್ನು ತೆರೆದಿಡೋಣ. ವ್ಯಾಯಾಮ ಮುಗಿದ ಮೇಲೆ ಹಾಡನ್ನೂ ನಿಲ್ಲಿಸಿ ಎರಡು ನಿಮಿಷ ಸುಮ್ಮನೆ ಕುಳಿತುಕೊಳ್ಳೋಣ. ಮನೆಯ ಹಿರಿಯರಿಗೆ ಹಾಡುವ, ತಾಳ ಹಾಕುವ ಅವಕಾಶ ಮಾಡಿಕೊಡೋಣ. ಶಾಲೆಯ ಮಕ್ಕಳಿಗೆ ಕೋಲಾಟ, ಕಂಸಾಳೆಗಳು ವಾರ್ಷಿಕೋತ್ಸವದ ಅಲಂಕಾರವಾಗದೆ ವರ್ಷವಿಡೀ ನಡೆಯುವ ವ್ಯಾಯಾಮವಾಗಲಿ. ಜೊತೆಗೆ, ರಾತ್ರಿ ಹತ್ತರ ನಂತರ ಧ್ವನಿವರ್ಧಕ ಅರಚಿದರೆ ದೂರು ಕೊಡುವ ಧೈರ್ಯವನ್ನೂ, ಕೊಟ್ಟ ದೂರಿಗೆ ಉತ್ತರ ಕೇಳುವ ಹಟವನ್ನೂ ಬೆಳೆಸಿಕೊಳ್ಳೋಣ. ನಾಲಗೆಗೆ ಪಥ್ಯ ಹೇಳುವ ವೈದ್ಯರು ಊರ ತುಂಬ ಇದ್ದಾರೆ. ಕಿವಿಯ ಪಥ್ಯವನ್ನು ಮಾತ್ರ ನಾವೇ ಪಾಲಿಸಬೇಕು, ಊರಿನಿಂದಲೂ ಪಾಲಿಸುವಂತೆ ಮಾಡಬೇಕು.